ಜೋಳದ ಮೇಲೆ ಇಳಿಯಲೊಲ್ಲದ ವಿಮಾನ

"ಅಲ್ಲೇ ಕುಂದರ ಗೌರಿ. ಇವತ್ತ ನಿಮ್ಮ ಕಾಕಾ ಹಾರತಾನ ನೋಡು," ಎನ್ನುತ್ತ ಅಂದಾನೆಪ್ಪ ಕಾಕಾ ಹಣೆಗೆ ತಂತಿಯ ಪಟ್ಟಿ ಬಿಗಿದುಕೊಂಡ.

ಎತ್ತುಗಳನ್ನು ಒಂದು ಮಗ್ಗುಲಿಗೆ ಸರಿಸಿ, ಕೊಟ್ಟಿಗೆಯಲ್ಲೇ ತನ್ನ ಹೊಸ ಯಂತ್ರವನ್ನು ನಿಲ್ಲಿಸಿದ್ದ. ಸ್ಪ್ರಿಂಗುಗಳ ಮೇಲೆ ಹಳೆಯ ಟ್ರ್ಯಾಕ್ಟರಿನ ಸೀಟು. ಎದುರಿಗೆ ಟೀವಿ, ಅದರಲ್ಲಿ ವಿಮಾನ ಹಾರಿಸುವ ಆಟ. ವಿಮಾನ ವಾಲಿದರೆ ಸೀಟೂ ವಾಲುತ್ತಿತ್ತು. ಚಿಕ್ಕವನಿದ್ದಾಗ ಜೋಳದ ಹೊಲದಲ್ಲಿ ಹಕ್ಕಿ ಕಾಯುತ್ತ, ಮೇಲೆ ಹೋಗುವ ವಿಮಾನ ನೋಡಿ, ಒಮ್ಮೆಯಾದರೂ ನಮ್ಮೂರನ್ನು ಮೇಲಿನಿಂದ ನೋಡಬೇಕೆಂದು ಆಸೆಪಟ್ಟವನು ಅವನು. ಈಗ ಕಿವಿಯೊಳಗೆ ಏನೋ ತೊಂದರೆಯೆಂದು ಡಾಕ್ಟರು ವಿಮಾನ ಹತ್ತಲೇಬೇಡ ಎಂದುಬಿಟ್ಟಿದ್ದರು. ಉಳಿದ ದಾರಿ ಇದೊಂದೇ.

ಆಟದಲ್ಲಿ ದುಬೈ, ಲಂಡನ್ ಎಲ್ಲ ಇದ್ದವು. ಕಾಕಾನಿಗೆ ಅವು ಬೇಕಿರಲಿಲ್ಲ. ಹೊಲಕ್ಕೆ ಔಷಧ ಹೊಡೆಯುವ ಡ್ರೋನಿನವನಿಂದ ನಮ್ಮೂರಿನ ಚಿತ್ರ ತೆಗೆಸಿ ಒಳಗೆ ತುಂಬಿಸಿದ್ದ.

"ಪಟ್ಟಿ ಯಾಕ ಕಾಕಾ?"

"ಹಾರಸಾವನ ಮನಸ್ಸು ಓದತೈತಿ. ನನ್ನ ನೋಡಿ ಯಂತ್ರನೂ ಹಾರಸೂದು ಕಲೀತೈತಿ."

"ಮತ್ತ ಈ ಬೆಲ್ಟು?"

"ವಿಮಾನ ನೆಲಾ ಮುಟ್ಟಿ ನಿಂತ ಮ್ಯಾಲ ಬಿಚ್ಚತೈತಿ. ಅದು ಬಿತ್ತಂದ್ರ ಮಾತ್ರ ಒಳಗಿನ ಊರೆಲ್ಲ ಅಳಿಸಿಹೋಗತೈತಿ. ಬೀಳಸಬಾರದು, ಅಷ್ಟ."

ವಿಮಾನ ಊರ ಮುಂದಿನ ಡಾಂಬರು ರಸ್ತೆಯ ಮೇಲೆ ಓಡಿ ಮೇಲೆದ್ದಿತು. ನಮ್ಮ ಮನೆಯ ಮಾಳಿಗೆ ಕಂಡಿತು, ಬಣವೆ ಕಂಡಿತು. ಕಾಕಾ ಟೀವಿಯತ್ತ ಬಾಗಿದ.

"ನಮ್ಮ ಹಳ್ಳ ಇಷ್ಟ ಸೊಟ್ಟ ಐತೇನು," ಎಂದ ಮೆಲ್ಲಗೆ. ಅವನ ಕಣ್ಣು ಒದ್ದೆಯಾಗಿದ್ದವು.

ಅಷ್ಟರಲ್ಲಿ ಬಸಲಿಂಗವ್ವ ಚಿಗವ್ವ ಬಾಗಿಲಿಗೆ ಬಂದಳು. "ಏನ್ರಿ, ರೊಟ್ಟಿ ಆರಾಕತ್ತಾವು. ಇಳೀರಿ."

ತೊಡಕು ಶುರುವಾದದ್ದು ಆಗ. ಏರಲು ಅರ್ಧ ರಸ್ತೆ ಸಾಕಾಗಿತ್ತು, ಇಳಿಯಲು ಪೂರ್ತಿ ಬೇಕಿತ್ತು. ಉಳಿದರ್ಧದಲ್ಲಿ ಯಾರೋ ಹುರುಳಿ ಹರವಿದ್ದು ಡ್ರೋನಿನ ಚಿತ್ರದಲ್ಲೂ ಬಂದಿತ್ತು.

"ಗಾಡಿ ಹಾಯ್ಲಿ ಅಂತನ ಹರವ್ಯಾರಲ್ಲ, ಅದರ ಮ್ಯಾಲ ಇಳಸ್ರಿ," ಎಂದಳು ಚಿಗವ್ವ.

"ಗಾಡಿ ಬ್ಯಾರೆ, ವಿಮಾನ ಬ್ಯಾರೆ. ಇದರ ಗಾಳಿಗೆ ಕಾಳೆಲ್ಲ ಗಟಾರ ಸೇರತಾವು."

ಹಾರಾಟ ನೋಡಲು ಬಂದಿದ್ದ ನೆರೆಯ ಮುದುಕಪ್ಪ ಗೋಡೆಗೊರಗಿ ನಿಂತಿದ್ದ. ವಿಮಾನ ಅವನ ಹೊಲದ ಕಡೆ ತಿರುಗಿದ್ದೇ ನೆಟ್ಟಗಾದ.

"ಅಂದಾನೆಪ್ಪಾ, ನನ್ನ ಜ್ವಾಳ ಈಗ ತೆನಿ ಹಿಡದೈತಿ. ಹುಸೇನಸಾಬನ ಹೊಲಾ ನೋಡು."

"ನೋಡಲಿ, ನನಗೇನು," ಎಂದ ಪಕ್ಕದಲ್ಲಿದ್ದ ಹುಸೇನಸಾಬ. "ನಂದು ಕುಸುಬಿ. ಮುಳ್ಳ ಚುಚ್ಚಿ ಗಾಲಿ ಪಂಚರ್ ಆದರ ನನ್ನ ಬೈಬ್ಯಾಡ್ರಿ."

"ಕಾಕಾ, ಇದು ಆಟ. ಇದರಾಗಿನ ಜ್ವಾಳ ಖರೇ ಜ್ವಾಳ ಅಲ್ಲ," ಎಂದೆ ನಾನು.

"ತೆನಿ ಕಾಣಾಕತ್ತಾವಲ್ಲವ್ವಾ," ಎಂದ ಕಾಕಾ.

ಇನ್ನೂ ಎರಡು ಸುತ್ತು ಹಾಕಿದ. ಎಣ್ಣೆಯ ಮುಳ್ಳು ಕೆಂಪಿಗೆ ಇಳಿಯಿತು. ಸೀಟು ಗಡಗಡ ನಡುಗತೊಡಗಿತು. ಎತ್ತುಗಳು ಮೇವು ಬಿಟ್ಟು ನೋಡಿದವು. ಮುದುಕಪ್ಪ, ಹುಸೇನಸಾಬ ಇಬ್ಬರೂ ತಮ್ಮ ತಮ್ಮ ಹೊಲದ ಮುಂದೆ ನಿಂತಂತೆ ಟೀವಿಗೆ ಅಡ್ಡ ನಿಂತರು.

"ಸರೀರಿ, ಊರ ಹೋಗತೈತಿ," ಎಂದ ಕಾಕಾ.

ಚಿಗವ್ವ ಇಬ್ಬರನ್ನೂ ಪಕ್ಕಕ್ಕೆ ಸರಿಸಿದಳು. "ನಮ್ಮ ಹೊಲದಾಗ ಇಳಸ್ರಿ."

"ಅಲ್ಲೂ ಜ್ವಾಳ ಐತೆಲೇ."

"ನಮ್ಮ ಬೆಳಿ ನಾವ ತುಳದರ ಕೇಳವರ ಯಾರು? ಇಳಸ್ರಿ."

ಕಾಕಾ ಕಣ್ಣು ಮುಚ್ಚಿಕೊಂಡು ಇಳಿಸಿದ. ಟೀವಿಯೊಳಗೆ ದಂಟು ಮುರಿಯುವ ಸದ್ದು ಕೇಳಿತು. ವಿಮಾನ ಬದುವಿಗೆ ತಾಗಿ ನಿಂತಿತು, ಬೆಲ್ಟು ಬಿಚ್ಚಿಕೊಂಡಿತು. ಊರು ಉಳಿಯಿತು.

"ಎರಡ ಚೀಲ ಹೋತು," ಎಂದ ಮುದುಕಪ್ಪ.

"ದಂಟಾದರೂ ದನಕ್ಕ ಆಗತಾವು ಬಿಡು," ಎಂದು ಹುಸೇನಸಾಬ ಸಮಾಧಾನ ಹೇಳಿದ.

ಮರುದಿನ ಬೆಳಿಗ್ಗೆ ಕಾಕಾ ಮೀಸೆ ತಿರುವಿಕೊಂಡು ಮತ್ತೆ ಸೀಟೇರಿದ. ಗುಂಡಿ ಒತ್ತಿದ. ವಿಮಾನ ಕದಲಲಿಲ್ಲ. ಟೀವಿಯ ಮೇಲೆ ಅಕ್ಷರ ಮೂಡಿದವು: 'ಹೊಲದಲ್ಲಿ ಬೆಳೆ ನಿಂತಿದೆ. ಸುಗ್ಗಿ ಮುಗಿದ ಮೇಲೆ ಹಾರೋಣ.'

ಕಾಕಾ ತಂತಿ ಎಳೆದು ನೋಡಿದ, ಮತ್ತೆ ಸಿಕ್ಕಿಸಿದ. ಅದೇ ಮಾತು. ದುಬೈಯಾದರೂ ಸೈ ಎಂದು ದುಬೈ ಒತ್ತಿದ.

'ಅಲ್ಲಿ ಏನು ಬಿತ್ತಿದ್ದಾರೆಂದು ವಿಚಾರಿಸಿದ್ದೀರಾ?' ಎಂದು ಕೇಳಿತು ಯಂತ್ರ.

ಈಗ ಕಾಕಾ ಬೆಳಗಾದರೆ ಊರವರ ಬದುಗಳ ಮೇಲೆ ತಿರುಗುತ್ತಾನೆ. ತೆನೆ ಮುರಿದು, ಕಾಳು ಹಲ್ಲಿಗೆ ಹಾಕಿ ಕಡಿದು, ಇನ್ನೂ ಹಾಲುಗಾಳು ಎಂದು ಮುಖ ಸಣ್ಣದು ಮಾಡಿಕೊಂಡು ಬರುತ್ತಾನೆ.

ನಿನ್ನೆ ಚಿಗವ್ವ ರೊಟ್ಟಿ ಬಡಿಯುತ್ತ ಸಮಾಧಾನ ಹೇಳುತ್ತಿದ್ದಳು: "ಬ್ಯಾಸಗ್ಯಾಗ ಬೇಕಾದಷ್ಟ ಹಾರ್ರಿ. ಹೊಲ ಎಲ್ಲಾ ಖಾಲಿ ಇರತಾವು. ಮ್ಯಾಲಿಂದ ನೋಡಾಕ ಮಾತ್ರ ಏನೂ ಇರೂದಿಲ್ಲ."