ಸಂದುಭಕ್ಷಕನ ಹಸಿವು

"ಮೇಡಂ, ಕೈಯಾಡಿಸಿ ನೋಡಿ! ಕಾರು ಎಲ್ಲಿ ಮುಗೀತು, ಬಂಪರ್ ಎಲ್ಲಿ ಶುರುವಾಯ್ತು, ಹೇಳಿ ನೋಡೋಣ!" ಓಬಳೇಶ ಎದೆಯುಬ್ಬಿಸಿ ನಿಂತ.

ಕಾತ್ಯಾಯಿನಿ ಬಗ್ಗಿ ಕೈಯಾಡಿಸಿದಳು. ಚಿತ್ರದುರ್ಗದ ಅರ್ಧ ಊರಿಗೆ ಕ್ಲಚ್ಚು, ಬ್ರೇಕು ಕಲಿಸಿದವಳು ಅವಳು. ಅವಳ ಡ್ರೈವಿಂಗ್ ಸ್ಕೂಲಿಗೆ ಇದ್ದದ್ದು ಇದೊಂದೇ ಹಳೇ ಕಾರು. ಎದುರು ಬೀದಿಯಲ್ಲಿ ಹೊಸ ಸ್ಕೂಲೊಂದು ಥಳಥಳಿಸುವ ಕಾರು ತಂದು ಶಿಷ್ಯರನ್ನೆಲ್ಲ ಸೆಳೆದುಕೊಂಡಿತ್ತು. ತನ್ನ ಕಾರಿಗೂ ರೇಸ್ ಕಾರಿನ ಚಹರೆ ಬರಲಿ ಎಂದು ಬಂಪರ್, ಬಾಗಿಲ ಕೆಳಗೆ ಕೂರುವ ಸೈಡ್ ಸ್ಕರ್ಟ್, ಡಿಕ್ಕಿಯ ಮೇಲೆ ರೆಕ್ಕೆಯಂತೆ ನಿಲ್ಲುವ ಸ್ಪಾಯ್ಲರ್, ಕನ್ನಡಿ ಎಲ್ಲ ತರಿಸಿ, ಪಕ್ಕದ ಮನೆಯ ಓಬಳೇಶನ ಶೆಡ್ಡಿಗೆ ಬಂದಿದ್ದಳು.

ಬಂಪರು ಫೈಬರಿನದು, ಕಾರು ತಗಡಿನದು. ಆದರೂ ನಡುವೆ ಒಂದು ಗೆರೆಯೂ ಬೆರಳಿಗೆ ತಾಕಲಿಲ್ಲ!

"ಪುಟ್ಟಿ ಮೆತ್ತಿದ್ದೀಯೇನೋ?"

"ಪುಟ್ಟಿನಾ! ಇದು ನನ್ನ ಸಂದುಭಕ್ಷಕನ ಕೆಲಸ!" ರುಬ್ಬುಕಲ್ಲಿಗೆ ಚಕ್ರವನ್ನೂ ಆನೆಯ ಸೊಂಡಿಲನ್ನೂ ಸಿಕ್ಕಿಸಿದಂತಿದ್ದ ಯಂತ್ರವನ್ನು ಅವನು ತೋರಿಸಿದ. "ಸೊಂಡಿಲಿನಿಂದ ನೀಲಿ ಬೆಳಕು ಬರುತ್ತೆ. ಅದು ಬಿದ್ದ ಕಡೆ ಆಚೀಚಿನ ಕಣಗಳು ಕೈಕೈ ಹಿಡ್ಕೊಂಡು ಒಂದಾಗ್ತವೆ. ಸಂದು ಎಲ್ಲಿದೆ ಅಂತ ಅದೇ ಹುಡುಕುತ್ತೆ, ಅದೇ ಎಳೆದು ಮುಚ್ಚುತ್ತೆ!"

"ಯಾವ ಸಂದು ಮುಚ್ಚಬೇಕು, ಯಾವುದು ಬಿಡಬೇಕು ಅಂತ ಅದಕ್ಕೆ ಹೇಗೋ ಗೊತ್ತಾಗುತ್ತೆ?"

"ನಿಮ್ಮದು ಬರೀ ಪ್ರಶ್ನೆ ಮೇಡಂ!"

ಹೌದು, ಅವಳದು ಬರೀ ಪ್ರಶ್ನೆ. ಎಂಜಿನ್ ನಡುಗಿದರೆ ಈ ಬೆಸುಗೆ ಬಿರುಕು ಬಿಡುತ್ತದೆಯೇ? ನೋಡೇಬಿಡೋಣವೆಂದು ಕಾರಿನೊಳಗೆ ಕೂತು, ಶೆಡ್ಡಿನ ಧೂಳಿಗೆ ಗಾಜು ಏರಿಸಿ, ಕೀಲಿ ತಿರುವಿದಳು. ಹೊರಗೆ ಓಬಳೇಶ ರಿಮೋಟು ಒತ್ತಿ ಜೇಬಿಗಿಳಿಸಿದ; ಯಂತ್ರ ಸೈಡ್ ಸ್ಕರ್ಟನ್ನು ಬೆಸೆಯುತ್ತಾ ಕಾರಿನ ಸುತ್ತ ಹೊರಟಿತು. ಸ್ಕರ್ಟಿನ ಸಂದು ಮುಗಿಯಿತು. ಮೇಲೆ ಇನ್ನೊಂದು ಸಂದು ಕಂಡಿತು. ಬಾಗಿಲಿನದು!

ಅವಳು ಇಳಿಯಲು ನೋಡಿದರೆ ಯಾವ ಕಡೆಯೂ ಬಾಗಿಲೇ ಇಲ್ಲ! ಗಾಜು, ತಗಡು, ರಬ್ಬರು ಎಲ್ಲ ಒಂದೇ ನುಣುಪು. ಎಂಜಿನ್ ನಿಲ್ಲಿಸಿ ಒಳಗಿನಿಂದ ಸವರಿ ನೋಡಿದಳು. 'ಮೊಟ್ಟೆಯೊಳಗಿನ ಕೋಳಿಮರಿಗೆ ಹೀಗೇ ಅನಿಸುತ್ತೇನೋ' ಎಂದುಕೊಂಡಳು. ಆಮೇಲೆ ಉಸಿರಿನ ನೆನಪಾಯಿತು.

"ಓಬಳೇಶಾ! ನಿಲ್ಲಿಸೋ ಅದನ್ನ!"

"ರಿಮೋಟು ಜೇಬಲ್ಲಿದೆ ಮೇಡಂ, ಒಂದೇ ನಿಮಿಷ!"

ಅವನು ಜೇಬಿಗೆ ಕೈಹಾಕುವಷ್ಟರಲ್ಲಿ ನೀಲಿ ಬೆಳಕು ಅವನ ಕಡೆ ಹೊರಳಿತು. ಪ್ಯಾಂಟಿನ ಜೇಬಿನ ಬಾಯಿ ಮಾಯ! ಅಂಗಿಯ ಗುಂಡಿಪಟ್ಟಿಯೂ ಮಾಯ! ರಿಮೋಟು ಒಳಗೇ ಉಳಿಯಿತು. ಜೇಬು ಕತ್ತರಿಸೋಣವೆಂದು ಕತ್ತರಿ ತಂದ. ಯಂತ್ರ ಅದನ್ನೂ ನೋಡಿತು. ಕತ್ತರಿಯ ಎರಡು ಅಲಗು ಸೇರಿ ಸೌಟಾಯಿತು.

"ಸೌಟು ಹಿಡ್ಕೊಂಡು ಏನೋ ಮಾಡ್ತಿದ್ದೀಯಾ?" ಅವಳು ಗಾಜು ಬಡಿದಳು.

"ಬಯ್ಯಬೇಡಿ! ಉಸಿರು ಉಳಿಸ್ಕೊಳ್ಳಿ!"

ಹೆದರಿಕೆಯಲ್ಲೂ ಅವಳ ತಲೆ ಸುಮ್ಮನಿರಲಿಲ್ಲ. ಮುಚ್ಚದ ಸಂದು ಎಲ್ಲಾದರೂ ಉಳಿದಿದೆಯೇ? ಇದೆ! ಸ್ಪಾಯ್ಲರ್ ಕೂರಿಸಲೆಂದು ಡಿಕ್ಕಿ ತೆರೆದಿಟ್ಟಿದ್ದರು. ಹಿಂದಿನ ಸೀಟು ಮಡಚಿ ತೆವಳಿದಳು. ಅಷ್ಟರಲ್ಲಿ ಯಂತ್ರವೂ ಹಿಂದಕ್ಕೆ ಬಂದು, ಡಿಕ್ಕಿಯ ಮುಚ್ಚಳವನ್ನು ಮೆಲ್ಲಗೆ ಕೆಳಕ್ಕೆ ಎಳೆಯತೊಡಗಿತ್ತು!

ಕೈಗೆ ಸಿಕ್ಕಿದ್ದು ಜೋಡಿಸಲು ಬಾಕಿಯಿದ್ದ ಹೊಸ ಕನ್ನಡಿ. ಬೆಳಕು ಕನ್ನಡಿಗೆ ಬಿದ್ದರೆ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರ ಗೊತ್ತಿತ್ತು. ಕನ್ನಡಿಯನ್ನು ಹೊರಚಾಚಿದಳು. ನೀಲಿ ಬೆಳಕು ಫಳ್ಳನೆ ತಿರುಗಿ ಯಂತ್ರಕ್ಕೇ ಬಡಿಯಿತು. ಸೊಂಡಿಲು ಹೊಟ್ಟೆಗಂಟಿತು, ಚಕ್ರಗಳು ಒಳಸೇರಿದವು, ನಟ್ಟು ಬೋಲ್ಟು ಕರಗಿದವು. ಸಂದುಭಕ್ಷಕ ನುಣ್ಣನೆಯ ಕುಂಬಳಕಾಯಿಯಾಗಿ ಉರುಳಿ ಗೋಡೆಗೆ ಒರಗಿತು. ಒಳಗಿನಿಂದ ಇನ್ನೂ ಗುಂಯ್ ಎನ್ನುತ್ತಿತ್ತು.

ಅವಳು ಹೊರಗೆ ಬಿದ್ದು ಎದೆತುಂಬ ಗಾಳಿ ಎಳೆದುಕೊಂಡಳು. ಓಬಳೇಶ ನೆಲಕ್ಕೇ ಕುಸಿದು ಕೂತಿದ್ದ.

"ಕಾರು ಕೆಡಿಸಿಬಿಟ್ಟೆ ಮೇಡಂ..."

ಅವಳು ಕಾರಿನ ಸುತ್ತ ಒಂದು ಸುತ್ತು ಬಂದಳು. ನೀರಲ್ಲಿ ಮಿಂದೆದ್ದ ಮೀನಿನಂತೆ ಹೊಳೆಯುತ್ತಿತ್ತು. "ಇಂಥ ಕಾರು ಯಾರ ಹತ್ತಿರ ಇದೆಯೋ, ಹೇಳು?"

ಬಾಗಿಲಿಲ್ಲದ ಕಾರು ನೋಡಲು ಜನ ಸಾಲುಗಟ್ಟಿದರು, ನೋಡಿದವರು ಕಲಿಯಲು ಸೇರಿದರು. ಒಬ್ಬೊಬ್ಬರೂ ಹಿಂದಿನಿಂದ ತೆವಳಿಕೊಂಡೇ ಒಳಗೆ ಬರಬೇಕು. ಕಾತ್ಯಾಯಿನಿ ಅವರಿಗೆಲ್ಲ ಗಂಭೀರವಾಗಿ ಹೇಳುತ್ತಾಳೆ:

"ಬೇರೆ ಸ್ಕೂಲಲ್ಲಿ ಕಲಿತ ಮೇಲೆ ಡಿಕ್ಕಿ. ನಮ್ಮಲ್ಲಿ ಡಿಕ್ಕಿಯಿಂದಲೇ ಶುರು."