ಅಣ್ಣನ ಹಸುವಿಗೆ ಜ್ವರ

ಊರೆಲ್ಲ ಅವನನ್ನು ಅನುಮಾನಪ್ಪ ಎಂದೇ ಕರೆಯುತ್ತಿತ್ತು. ಹಾಲಿಗೆ ತಾನೇ ನೀರು ಬೆರೆಸಿ, ಆ ನೀರಿಗೆ ಯಾರೋ ಏನೋ ಬೆರೆಸಿದ್ದಾರೆಂದು ಗುಮಾನಿಪಡುವ ಆಸಾಮಿ ಅವನು. ಹೋದ ವಾರ ಒಬ್ಬ ವ್ಯಾಪಾರಿ ಬಂದು ಹಸುವಿನ ಕೊರಳಿಗೆ ಕಟ್ಟುವ ಬೆಲ್ಟನ್ನು ಇವನಿಗೊಂದು, ಗೋಡೆಯಾಚೆಯ ಅಣ್ಣನಿಗೊಂದು ಮಾರಿ ಹೋದ. ಹಸು ಮೆಲುಕು ಹಾಕದಿದ್ದರೆ, ಮೈ ಬಿಸಿಯಾದರೆ, ಬೆಲ್ಟು ಅದರ ಯಜಮಾನನ ಫೋನಿಗೆ ಸುದ್ದಿ ಮುಟ್ಟಿಸುತ್ತದೆ. ಎರಡೂ ಬೆಲ್ಟು ಒಂದೇ ಥರ. ಆದರೆ ವ್ಯಾಪಾರಿ ಅಣ್ಣನ ಹಸುವಿಗೆ ಮೊದಲು ಕಟ್ಟಿದ್ದ, ಅದೂ ನಗುನಗುತ್ತಾ. ಒಳ್ಳೆಯದು ಅಲ್ಲಿಗೆ, ಲಟಾರಿ ನನಗೆ ಎಂದು ಅನುಮಾನಪ್ಪನ ಹೊಟ್ಟೆ ಉರಿಯಿತು. ಅಣ್ಣ ಮನೆಯಲ್ಲಿಲ್ಲದ ಹೊತ್ತು ನೋಡಿ ಎರಡನ್ನೂ ಅದಲುಬದಲು ಮಾಡಿಬಿಟ್ಟ.

ಇವತ್ತು ಬೆಳಗ್ಗೆ ಅವನ ಫೋನು ಕುಂಯ್‌ಗುಟ್ಟಿತು. ಹಸು ಮೆಲುಕು ಹಾಕುತ್ತಿಲ್ಲ, ಜ್ವರ ಏರುತ್ತಿದೆ, ಕೂಡಲೇ ಡಾಕ್ಟರನ್ನು ಕರೆಯಿರಿ. ಕೊಟ್ಟಿಗೆಗೆ ಓಡಹೊರಟವನು ಹೊಸ್ತಿಲಲ್ಲೇ ನಿಂತ. ತನ್ನ ಫೋನಿಗೆ ಸುದ್ದಿ ಕೊಡುವ ಬೆಲ್ಟು ಈಗ ಇರುವುದು ಅಣ್ಣನ ಹಸುವಿನ ಕೊರಳಲ್ಲಿ. ಅಂದರೆ ಕಾಯಿಲೆ ಬಿದ್ದಿರುವುದು ಅಣ್ಣನ ಹಸು. ಪಾಪ, ಅಣ್ಣನ ಫೋನು ಎಲ್ಲ ಸರಿಯಿದೆ ಎನ್ನುತ್ತಿರುತ್ತದೆ. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಹಸು ಹೋಗುತ್ತದೆ, ಆ ಪಾಪ ತನ್ನ ತಲೆಗೇ. ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು. ತನ್ನ ಹಸುವಿನತ್ತ ಕಣ್ಣೂ ಹಾಯಿಸದೆ ಓಡಿಹೋಗಿ, ದನದ ಡಾಕ್ಟರನ್ನು ಎಳೆದುತಂದು ಅಣ್ಣನ ಕೊಟ್ಟಿಗೆಯಲ್ಲಿ ನಿಲ್ಲಿಸಿದ.

ಡಾಕ್ಟರು ಕಿವಿ ಮುಟ್ಟಿ, ಹೊಟ್ಟೆ ಒತ್ತಿ, ಬಾಲ ಎತ್ತಿ ಜ್ವರ ನೋಡಿ, ಹಸು ಕಲ್ಲುಗುಂಡಿನ ಹಾಗಿದೆ ಎಂದರು. ಅನುಮಾನಪ್ಪ ಒಪ್ಪಲಿಲ್ಲ.

"ಇನ್ನೊಂದ್ಸಲ ನೋಡಿ ಸಾರ್. ಒಳಗೊಳಗೇ ಜ್ವರ ಇದೆ."

"ಒಳಗಿಂದು ನಿನಗೆ ಹೇಗಪ್ಪಾ ಗೊತ್ತಾಯ್ತು?" ಎಂದಳು ಅತ್ತಿಗೆ.

ಅನುಮಾನಪ್ಪ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಂಡ. ಅತ್ತಿಗೆ ಗಂಡನ ಕಿವಿ ಕಚ್ಚಿದಳು. ಸುಮ್ಮಸುಮ್ಮನೆ ಅಕ್ಕರೆ ತೋರಿಸುವ ಮೈದುನ ಅಲ್ಲ ಇವನು, ಹಸುವಿಗೆ ಏನೋ ತಿನ್ನಿಸಿದ್ದಾನೆ ಎಂದಳು. ಪಕ್ಕದ ಮನೆಯ ದರ್ಜಿ ಬೇಲಿಯ ಮೇಲೆ ಕತ್ತು ಚಾಚಿ, ಇವನು ಕೊಟ್ಟಿಗೆ ಹತ್ತಿರ ಸುಳಿದಾಡಿದ್ದನ್ನು ತಾನೂ ಕಂಡಿದ್ದೇನೆಂದು ಒಗ್ಗರಣೆ ಹಾಕಿದ. ಅಣ್ಣನ ಮುಖ ಕಪ್ಪಿಟ್ಟಿತು. ಯಾವುದಕ್ಕೂ ಇರಲಿ, ಇರುವ ಔಷಧ ಕೊಟ್ಟೇಬಿಡಿ ಎಂದು ಡಾಕ್ಟರಿಗೆ ದುಂಬಾಲು ಬಿದ್ದ. ಕಾಟ ತಾಳಲಾರದೆ ಅವರು ತಮ್ಮಲ್ಲಿದ್ದ ಒಂದೇ ಬಾಟಲಿಯನ್ನು ಹಸುವಿನ ಗಂಟಲಿಗೆ ಸುರಿದರು. ಹಸು ಅರ್ಧ ನುಂಗಿ, ಅರ್ಧ ಅನುಮಾನಪ್ಪನ ಮುಖಕ್ಕೆ ಉಗುಳಿತು. ಅದೇ ಹೊತ್ತಿಗೆ ಜೇಬಿನಲ್ಲಿ ಫೋನು ಮತ್ತೆ ಕುಂಯ್‌ಗುಟ್ಟಿತು. ಜ್ವರ ಇನ್ನೂ ಏರುತ್ತಿತ್ತು.

ಅಣ್ಣ ಅವನ ರಟ್ಟೆ ಹಿಡಿದ. "ನಿಜ ಹೇಳು. ಏನು ತಿನ್ಸಿದೆ ನನ್ನ ಹಸುಗೆ?"

ಅನುಮಾನಪ್ಪನ ಧೈರ್ಯವೆಲ್ಲ ಇಳಿದುಹೋಯಿತು. "ಏನೂ ತಿನ್ಸಿಲ್ಲ ಅಣ್ಣಾ, ನಿನ್ನಾಣೆ. ಬೆಲ್ಟ್ ಬದಲಾಯಿಸಿದ್ದೆ ಅಷ್ಟೇ. ನನ್ನ ಬೆಲ್ಟ್ ನಿನ್ನ ಹಸು ಕೊರಳಲ್ಲಿದೆ. ಅದಕ್ಕೇ ಜ್ವರದ ಸುದ್ದಿ ನಂಗೆ ಬಂತು."

ಅಣ್ಣ ರಟ್ಟೆ ಬಿಟ್ಟು ನಕ್ಕ. "ಅಯ್ಯೋ ಮಂಕೇ, ನಿನ್ನ ಬುದ್ಧಿ ನಂಗೊತ್ತಿಲ್ವಾ? ಕಟ್ಟಿದ ದಿನಾನೇ ನನ್ನ ಬೆಲ್ಟಿಗೆ ಗುರುತು ಹಾಕಿಟ್ಟಿದ್ದೆ. ನೀನು ಬದಲಾಯಿಸಿದ ಸಂಜೆನೇ ನಾನು ವಾಪಸ್ ಬದಲಾಯಿಸ್ದೆ."

ಅನುಮಾನಪ್ಪನಿಗೆ ಹೋದ ಜೀವ ಬಂದಂತಾಯಿತು. ಅಣ್ಣನ ಹಸುವಿಗೆ ಏನೂ ಆಗಿಲ್ಲ, ತನ್ನ ತಲೆಗೆ ಯಾವ ಪಾಪವೂ ಇಲ್ಲ. ಡಾಕ್ಟರು ಖಾಲಿ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಅಷ್ಟರಲ್ಲಿ ಗೋಡೆಯಾಚೆಯಿಂದ ಅವನ ಹೆಂಡತಿ ಕೂಗಿದಳು.

"ರೀ, ನಮ್ಮ ಹಸು ಬೆಳಗ್ಗೆಯಿಂದ ಮಲಗಿದ್ದು ಎದ್ದೇ ಇಲ್ಲ. ಆ ನಿಮ್ಮ ಫೋನು ಏನೂ ಹೇಳ್ಲಿಲ್ವಾ?"