ಅಮಾವಾಸ್ಯೆಗೊಂದು ಆಲ್ಬಮ್

ನನ್ನ ಮೈದುನನ ಸಂಗೀತವನ್ನು ಬೆಟಗೇರಿಯಲ್ಲಿ ಯಾರೂ ಕೇಳಿಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋದೀತು. ಓಣಿಯವರೆಲ್ಲ ಕೇಳಿದ್ದಾರೆ. ಕೇಳದೆ ಎಲ್ಲಿಗೆ ಹೋಗುತ್ತಾರೆ, ಪಾಪ?

ಪಂಪ್‌ಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತುವುದು ಅವನ ಉದ್ಯೋಗ. ವಯಸ್ಸು ನಲವತ್ತೇಳು. ಮದುವೆಯಾಗಿಲ್ಲ. ನಮ್ಮ ಮಾಳಿಗೆಯ ಮೇಲಿನ ಕೋಣೆ ಅವನದು. ಅಲ್ಲಿ ಒಂದು ಹಳೇ ಕಂಪ್ಯೂಟರು, ಎರಡು ಕೀ ಸತ್ತುಹೋದ ಒಂದು ಕೀಬೋರ್ಡು, ಮೈತುಂಬ ಗುಂಡಿಗಳಿರುವ ಒಂದು ಡಬ್ಬಿ. ಇಷ್ಟನ್ನಿಟ್ಟುಕೊಂಡು ಒಬ್ಬನೇ ಕೂತು ಡ್ಯಾನ್ಸ್ ಮ್ಯೂಸಿಕ್ ಮಾಡುತ್ತಾನೆ. ಹಾಡುವವರಿಲ್ಲ, ಬಾರಿಸುವವರಿಲ್ಲ, ಎಲ್ಲ ಅವನೇ. ‘ಧಡ್ ಧಡ್’ ಎಂದು ಶುರುವಾಗಿ ‘ಧಡ್ ಧಡ್’ ಎಂದೇ ಮುಗಿಯುತ್ತದೆ. ನಡುವೆ ಏನಾಯಿತು ಎಂದು ನನ್ನನ್ನು ಕೇಳಬೇಡಿ. ಅಷ್ಟರಲ್ಲಿ ನಾನು ಅಕ್ಕಿ ಆರಿಸಿ, ಅನ್ನಕ್ಕಿಟ್ಟು, ಇಳಿಸಿಯೂ ಆಗಿರುತ್ತದೆ!

ನಮ್ಮದು ನೇಕಾರರ ಓಣಿ. ದಿನವಿಡೀ ಮಗ್ಗಗಳ ಸದ್ದು. ಅಮಾವಾಸ್ಯೆ ದಿನ ಮಾತ್ರ ಮಗ್ಗಕ್ಕೆ ಪೂಜೆ, ರಜೆ. ಆದ್ದರಿಂದ ಅವನ ರೆಕಾರ್ಡಿಂಗ್ ಅಮಾವಾಸ್ಯೆಗೇ. ನನಗೋ, ತಿಂಗಳಲ್ಲಿ ಅತಿ ಹೆಚ್ಚು ಕೆಲಸವಿರುವ ದಿನವೂ ಅದೇ. ಹೋಳಿಗೆ ಆಗಬೇಕು, ಕಟ್ಟಿನ ಸಾರು ಆಗಬೇಕು, ಎಲ್ಲವೂ ಸದ್ದಿಲ್ಲದೆ ಆಗಬೇಕು. ಕುಕ್ಕರ್ ಸೀಟಿ ಹೊಡೆಯುವಂತಿಲ್ಲ. ಒಗ್ಗರಣೆ ಚಟಪಟ ಎನ್ನುವಂತಿಲ್ಲ. ಒಂದು ಸಲ ಸೌಟು ಕೈಜಾರಿ ಬಿತ್ತು. ಮೇಲಿನಿಂದ ಓಡಿಬಂದ.

“ವೈನೀ, ಏನದು ಬಿದ್ದದ್ದು?”

“ಸೌಟಪಾ, ತಪ್ಪಾತು.”

“ತಪ್ಪಲ್ರಿ, ಛಲೋ ಐತಿ! ಇನ್ನೊಮ್ಮೆ ಕೆಡವ್ರಿ!”

ಹದಿನಾಲ್ಕು ಸಲ ಕೆಡವಿದೆ. ಆ ಸೌಟು ಇಂದಿಗೂ ಸೊಟ್ಟಗಿದೆ.

ಇನ್ನೊಂದು ಅಮಾವಾಸ್ಯೆಗೆ ನಾನು ರೊಟ್ಟಿ ಬಡಿಯುವ ಸದ್ದೇ ಬೇಕಾಯಿತು. ಕಲ್ಲಿನ ಪಕ್ಕದಲ್ಲಿ ಮೈಕು ನಿಲ್ಲಿಸಿ, ನನ್ನ ಕಿವಿಗೆ ‘ಟಿಕ್ ಟಿಕ್’ ಎನ್ನುವ ಒಂದು ವೈರು ಸಿಗಿಸಿ, ಅದಕ್ಕೆ ಸರಿಯಾಗಿ ಬಡಿಯಿರಿ ಎಂದ. ಬಡಿದೆ. ಎರಡು ನಿಮಿಷಕ್ಕೆ ಕೈ ಎತ್ತಿ ನಿಲ್ಲಿಸಿದ. “ವೈನೀ, ನೀವು ಲೇಟ್ ಆಗಾಕತ್ತೀರಿ.” ಮೂವತ್ತು ವರ್ಷ ಈ ಮನೆಗೆ ರೊಟ್ಟಿ ಬಡಿದವಳಿಗೆ ಹೇಳುವ ಮಾತೇ ಇದು? ಅವತ್ತು ಅವನ ಹಾಡು ದುಂಡಗೆ ಬಂತಂತೆ. ರೊಟ್ಟಿ ಮಾತ್ರ ಬರಲಿಲ್ಲ.

ಹೊರಗಿನ ಸದ್ದು ಒಳಗೆ ಬರಬಾರದೆಂದು ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಆ ಕೋಣೆಯ ಗೋಡೆಗೆ ಮೊಳೆ ಹೊಡೆದು ಹಚ್ಚಿದ್ದ. ಥಂಡಿ ದಿನಗಳಲ್ಲಿ ನೆಂಟರು ಬಂದರೆ ಹೊದೆಯಲು ಕೊಡಲು ಒಂದೂ ಇಲ್ಲ. “ಗ್ವಾಡಿಗೆ ಥಂಡಿ ಹತ್ತತೈತೇನಲೇ?” ಎಂದು ನಮ್ಮ ಮನೆಯವರು ಬೈದರು. ಅಣ್ಣನ ಬೈಗುಳವನ್ನೂ ರೆಕಾರ್ಡ್ ಮಾಡಿಕೊಂಡ!

ಮೋಟಾರುಗಳ ಕಥೆ ಇದಕ್ಕಿಂತ ಮೇಲು. ಶಿರಹಟ್ಟಿ ಕಡೆಯ ರೈತರೊಬ್ಬರು ಕೆಟ್ಟ ಮೋಟಾರು ಕೊಟ್ಟುಹೋಗಿದ್ದರು. ವಾರವಾಯಿತು, ಎರಡು ವಾರವಾಯಿತು. ಕೊನೆಗೆ ಅವರೇ ಮನೆ ಬಾಗಿಲಿಗೆ ಬಂದರು.

“ನನ್ನ ಮೋಟರ ಎಲ್ಲಿಗೆ ಬಂತಪಾ?”

“ಕಾಕಾ, ಅದರ ಬೇರಿಂಗಿನ ದನಿ ಭಾಳ ಅಪರೂಪದ್ದು. ರಿಪೇರಿ ಮಾಡಿದ್ರ ಹೋಗಿಬಿಡ್ತೈತಿ.”

ರೈತರು ತಲೆಯ ಮೇಲಿನ ಟವೆಲ್ ತೆಗೆದು ಕೊಡವಿದರು. “ದನಿ ನೀ ಇಟಗೋಪಾ. ನನಗ ನೀರು ಕೊಡು.”

ಹೀಗೆ ಕೂಡಿಟ್ಟ ಸದ್ದುಗಳೆಲ್ಲ ಒಂದು ದಿನ ಆಲ್ಬಮ್ ಆಗಿ ಹೊರಬೀಳುತ್ತವೆ. ಹೆಸರುಗಳನ್ನು ಕೇಳಿ: ‘ಹೊಂಬಳ ಬಸ್ ರಿವರ್ಸ್’, ‘ಮುಂಡರಗಿ ತ್ರೀ ಫೇಸ್’, ‘ವೈನಿ ಸೌಟು’. ಬಿಡುಗಡೆ ಸಮಾರಂಭ ಎಂದರೆ ಇಷ್ಟೇ: ನೆಟ್‌ವರ್ಕ್ ಸಿಗಲಿ ಎಂದು ಮಾಳಿಗೆಯ ನೀರಿನ ಟಾಕಿಯ ಮೇಲೆ ಹತ್ತುತ್ತಾನೆ, ಮೊಬೈಲಿನಲ್ಲಿ ಒಂದು ಗುಂಡಿ ಒತ್ತುತ್ತಾನೆ, ಇಳಿದು ಬಂದು ಚಹಾ ಕೇಳುತ್ತಾನೆ. ಒಂದು ಸಲ ಚಹಾ ಆರುವ ಮೊದಲೇ ಹಿಗ್ಗಿಹೋದ.

“ಹನ್ನೊಂದು ಮಂದಿ ಕೇಳ್ಯಾರ, ವೈನಿ! ಅದರಾಗ ಒಬ್ಬಾಂವ ಪೋಲೆಂಡಿನಾಂವ!”

“ಪೋಲೆಂಡ್ ಎಲ್ಲಿ ಬರ್ತೈತ್ರಿ?” ಎಂದು ಮನೆಯವರನ್ನು ಕೇಳಿದೆ.

ಪೇಪರಿನಿಂದ ತಲೆ ಎತ್ತದೆ ಹೇಳಿದರು: “ಮುಂಡರಗಿ ದಾಟಿ ಒಂದೀಟು ಮುಂದ.”

ನಗುತ್ತೇವೆ, ಬೈಯುತ್ತೇವೆ, ಆದರೆ ದಣಿವು ಸುಳ್ಳಲ್ಲ. ಒಂದು ಅಮಾವಾಸ್ಯೆ ಸಂಜೆ ಸೊಂಟ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತು ಕೇಳಿಯೇ ಬಿಟ್ಟೆ. “ಇದನ್ನೆಲ್ಲ ಯಾತಕ್ಕ ಮಾಡ್ತಿಯಪಾ?”

ಅವನು ಕೈಯಲ್ಲಿದ್ದ ವೈರನ್ನು ಸುತ್ತಿಟ್ಟ. “ಇದು ಕುಂತು ಕೇಳೂದಲ್ಲ ವೈನಿ, ಕುಣಿಯೂದು. ಒಬ್ಬರರ ಎದ್ದು ಕುಣೀಬೇಕು. ಅವತ್ತು ಇದು ಹಾಡು. ಅಲ್ಲೀಮಟ ಬರೇ ಸಪ್ಪಳ.”

“ಪೋಲೆಂಡಿನಾಂವ ಕುಣಿದಿರಬೇಕು.”

“ಕುಣಿದ್ನೋ ಬಿಟ್ನೋ, ನನಗೇನು ಕಂಡೈತ್ರಿ?”

ಆ ಮಾತು ಕರುಳಿಗೆ ತಾಗಿತು; ಅದೇ ನಾನು ಮಾಡಿದ ತಪ್ಪು. ಲಕ್ಷ್ಮೇಶ್ವರದಲ್ಲಿ ನನ್ನ ತಮ್ಮನ ಮಗಳ ಮದುವೆ ಗೊತ್ತಾಗಿತ್ತು. ವರನ ಮೆರವಣಿಗೆಗೆ ನನ್ನ ಮೈದುನನೇ ಹಾಡು ಹಚ್ಚಲಿ ಎಂದು ತಮ್ಮನಿಗೆ ನಾನೇ ಗಂಟುಬಿದ್ದೆ. ಕನ್ನಡದಲ್ಲಿ ‘ಬ್ಯಾಡ’ ಎಂಬ ಶಬ್ದವಿದೆ, ಆದರೆ ಅಕ್ಕನಿಗೆ ಅದನ್ನು ಹೇಳುವ ಧೈರ್ಯ ನನ್ನ ತಮ್ಮನಿಗಿಲ್ಲ.

ಮೈದುನ ಹೊಸ ಅಂಗಿ ತೊಟ್ಟಿದ್ದ. ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಆಳೆತ್ತರದ ಸ್ಪೀಕರುಗಳು, ನಡುವೆ ಅವನು, ಅವನ ಡಬ್ಬಿ. ಶುರುಮಾಡಿದ. ಧಡ್ ಧಡ್. ಹುಡುಗರು ಸೊಂಟಕ್ಕೆ ಕರವಸ್ತ್ರ ಕಟ್ಟಿಕೊಂಡು ಕಾದರು. ಧಡ್ ಧಡ್. ಹೆಂಗಸರು ಸೆರಗು ಸಿಕ್ಕಿಸಿಕೊಂಡು ಕಾದರು. ಐದು ನಿಮಿಷ ಕಳೆಯಿತು. ವರನ ಸೋದರಮಾವ ಟ್ರೈಲರಿನ ಹತ್ತಿರ ಬಂದು ವಿನಯದಿಂದಲೇ ಕೇಳಿದರು: “ಟೆಸ್ಟಿಂಗ್ ಮುಗೀತೇನ್ರಿ? ಹಂಗಾರ ಹಾಡು ಹಚ್ಚರಿ.”

ಒಬ್ಬರೇ ಒಬ್ಬರು ಪ್ರಯತ್ನಪಟ್ಟರು: ಒಬ್ಬ ಅಜ್ಜ. ರುಮಾಲು ಬಿಗಿದು, ಕಾಲೆತ್ತಿದರು. ಆ ಕಾಲು ಇಳಿಯುವುದರೊಳಗೆ ಹಾಡು ನಾಲ್ಕು ಏಟು ಮುಂದೆ ಹೋಗಿತ್ತು!

“ತಮ್ಮಾ, ಒಂದೀಟು ಸಾವಕಾಶ ಹಚ್ಚೋ, ಕಾಲಿಗೆ ಸಿಗವಲ್ದು.”

ಅಷ್ಟು ಮಾಡಿದ್ದರೆ ಮುಗಿದಿತ್ತು! ಅಜ್ಜ ಕುಣಿದಿದ್ದರೆ ಊರೇ ಕುಣಿಯುತ್ತಿತ್ತು. ಈ ಮಹಾರಾಯ ಏನೆಂದ ಗೊತ್ತೇ? “ಅದರ ಓಟ ಇಳಸಾಕ ಬರೂದಿಲ್ಲಜ್ಜಾ. ಒಂದೀಟು ಕಮ್ಮಿ ಮಾಡಿದ್ರೂ ಹಾಡು ಕೆಡ್ತೈತಿ. ನೀವ ಜಲ್ದಿ ಕುಣೀರಿ.”

ಅಜ್ಜ ಕಾಲು ಇಳಿಸಿ ಚಹಾದ ಕಡೆ ನಡೆದರು. ಯಾರೋ ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದು ಕೊಟ್ಟರು. ಅದನ್ನು ಚುಚ್ಚಿದ್ದೇ ತಡ, ಇಡೀ ಲಕ್ಷ್ಮೇಶ್ವರ ನೆಲಬಿಟ್ಟು ಎದ್ದಿತು. ನನ್ನ ಮೈದುನ ಬೇರೆಯವರ ಹಾಡಿಗೆ ವೈರು ಹಿಡಿದುಕೊಂಡು ನಿಂತಿದ್ದ. ಹೊಸ ಅಂಗಿಯ ಬೆನ್ನು ಪೂರಾ ತೊಯ್ದಿತ್ತು.

ಊರಿಗೆ ಮರಳುವ ಗದಗಿನ ಬಸ್ಸಿನಲ್ಲಿ ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಕೂತವನು, ಇಳಿಯುವ ಮುಂಚೆ ಒಂದೇ ಮಾತಾಡಿದ. “ಸಪ್ಪಳನ ಬಿಡ್ರಿ ವೈನಿ ಇದು.”

ಮುಂದಿನ ಅಮಾವಾಸ್ಯೆಗೆ ಕೌದಿಗಳು ಗೋಡೆಯಿಂದ ಇಳಿದು, ಮಡಚಿಕೊಂಡು ನನ್ನ ಟ್ರಂಕಿನ ಮೇಲೆ ಕೂತಿದ್ದವು. ಕುಕ್ಕರ್ ಮನಸ್ಸಿಗೆ ಬಂದಷ್ಟು ಸೀಟಿ ಹೊಡೆಯಿತು. ಮೇಲಿನಿಂದ ಯಾರೂ ಓಡಿ ಬರಲಿಲ್ಲ. ಎಷ್ಟು ವರ್ಷ ಬೇಡಿಕೊಂಡ ನೆಮ್ಮದಿ! ಮೈದುನ ತಲೆ ಬಗ್ಗಿಸಿ ಒಂದು ಹೋಳಿಗೆ ತಿಂದು, ತುಪ್ಪ ಕೇಳದೆ ಎದ್ದುಹೋದ.

ಪಾತ್ರೆ ತೊಳೆದಿಟ್ಟೆ. ಕೈ ಒರೆಸಿಕೊಂಡೆ. ಆಮೇಲೆ ಮೊಣಕಾಲು ಹಿಡಿದುಕೊಂಡು ಮಾಳಿಗೆ ಹತ್ತಿದೆ. ಅವನು ಬೋಳುಗೋಡೆಯ ಕೋಣೆಯಲ್ಲಿ ಡಬ್ಬಿಗೆ ಬಟ್ಟೆ ಸುತ್ತುತ್ತಿದ್ದ.

“ಹಚ್ಚು.”

“ಏನ ಹಚ್ಚಲಿ?”

“ನಿಂದ ಹಾಡು. ಮದಿವ್ಯಾದ ಮ್ಯಾಲ ನಾ ಒಮ್ಮಿನೂ ಕುಣಿದಿಲ್ಲ. ಇವತ್ತು ಕುಣಿಯಾಕಿ. ಆದ್ರ ನೀ ಆಕಡೆ ಮಾರಿ ಮಾಡು, ನನಗ ನಾಚಿಕಿ ಬರ್ತೈತಿ.”

ಒಬ್ಬರು ಕುಣಿಯುವುದನ್ನು ಕಣ್ಣಾರೆ ನೋಡಬೇಕೆಂದು ಇಷ್ಟು ವರ್ಷ ಕಾದವನು, ಡಬ್ಬಿಯ ಬಟ್ಟೆ ಬಿಚ್ಚಿ ಗೋಡೆಯ ಕಡೆ ತಿರುಗಿ ಕೂತ. ಹಾಡು ಶುರುವಾಯಿತು. ನಾನು ಸೆರಗು ಸಿಕ್ಕಿಸಿ ಎಡಗಾಲೆತ್ತಿದೆ. ಸಿಗಲಿಲ್ಲ. ಬಲಗಾಲೆತ್ತಿದೆ. ಹಾಡು ಮುಂದೆ, ನಾನು ಹಿಂದೆ. ಕಾಲುಂಗುರ ನೆಲದ ಕಲ್ಲಿಗೆ ತಾಗಿ ‘ಟಣ್’ ಎನ್ನುವುದು ಪ್ರತಿ ಸಲವೂ ತಡವಾಗಿಯೇ. ಇನ್ನು ಸಾಕು ಎಂದುಕೊಂಡೆ.

ಆಗ ಅವನು ಹಿಂದೆ ನೋಡದೆಯೇ ಡಬ್ಬಿಯತ್ತ ಕೈ ಚಾಚಿದ. ಒಂದು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದ. ಹಾಡು ತುಸು ನಿಧಾನವಾಯಿತು. ಕಿವಿಗೊಟ್ಟು ಕೇಳಿದ, ಕಾಲುಂಗುರ ಇನ್ನೂ ತಡ. ಮತ್ತಷ್ಟು ತಿರುಗಿಸಿದ. ಕಣ್ಣು ಗೋಡೆಯ ಮೇಲೆ, ಕಿವಿ ನನ್ನ ಪಾದದ ಮೇಲೆ. ನನ್ನ ಮೊಣಕಾಲಿನವರೆಗೆ ಆ ಹಾಡು ಇಳಿದು ಬರುವ ತನಕ ತಿರುಗಿಸುತ್ತಲೇ ಇದ್ದ.